ಯಕ್ಷಗಾನ ಆಟದ ಲೈವ್, ಮದುವೆ ವಿಡಿಯೊ, ರೀಲ್ಸ್: ಹಾಡು ಹಾಕುವ ಮುಂಚೆ ಯಾರನ್ನು ಕೇಳಬೇಕು?

"ಅಣ್ಣ, ಹದಿನೈದು ಸೆಕೆಂಡು ಹಾಕಿದ್ರೆ ಏನೂ ಆಗಲ್ಲ ಅಲ್ವಾ?"

ಸೀಸನ್ ಶುರುವಾಯಿತೆಂದರೆ ನನಗೆ ಬರುವ ಮೊದಲ ಫೋನು ಇದೇ. ಕುಮಟೆಯಿಂದ ಬರುತ್ತದೆ, ಅಂಕೋಲೆಯಿಂದ ಬರುತ್ತದೆ, ಶಿರಸಿಯಲ್ಲಿ ಹೊಸದಾಗಿ ಕ್ಯಾಮೆರಾ ತಗೊಂಡ ಹುಡುಗರಿಂದಲೂ ಬರುತ್ತದೆ. ಆಗುತ್ತದೆ ತಮ್ಮ. ಹದಿನೈದು ಸೆಕೆಂಡು, ಮೂವತ್ತು ಸೆಕೆಂಡು ಅನ್ನೋ ಲೆಕ್ಕ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಯೂಟ್ಯೂಬ್‌ನ ನಿಯಮದಲ್ಲೂ ಇಲ್ಲ. ಹಾಡಿನ ಸ್ಪೀಡು ಸ್ವಲ್ಪ ಜಾಸ್ತಿ ಮಾಡಿದರೆ, ಶ್ರುತಿ ಒಂದು ಮನೆ ಏರಿಸಿದರೆ, ವಿಡಿಯೊ ಕೆಳಗೆ "ಹಾಡಿನ ಹಕ್ಕು ಅದರ ಮಾಲೀಕರದ್ದು" ಅಂತ ಬರೆದರೆ ಬಚಾವು ಅನ್ನುವುದೂ ಅಷ್ಟೇ, ಸುಮ್ನೆ ಬಾಯಿಂದ ಬಾಯಿಗೆ ಹೋದ ಮಾತು. ತಿಂಗಳಿಗೆ ದುಡ್ಡು ಕೊಟ್ಟು ಹಾಡಿನ ಆ್ಯಪ್ ಇಟ್ಟುಕೊಂಡಿದ್ದೇನೆ ಅಂದರೂ ಅದು ನೀವು ಕೇಳುವುದಕ್ಕೆ ಮಾತ್ರ. ನಿಮ್ಮ ವಿಡಿಯೊಗೆ ಹಾಕುವುದಕ್ಕಲ್ಲ.

ನಾನು ಆಟದ ಲೈವ್ ಮಾಡುತ್ತೇನೆ, ಮದುವೆ ಉಪನಯನದ ವಿಡಿಯೊ ಮಾಡುತ್ತೇನೆ. ಇದನ್ನೆಲ್ಲ ಕಲಿತದ್ದು ಪೆಟ್ಟು ತಿಂದೇ. ಕೆಲವು ವರ್ಷದ ಹಿಂದೆ ಹೊನ್ನಾವರದ ಹತ್ತಿರ ಒಂದು ದೇವಸ್ಥಾನದ ಬಯಲಲ್ಲಿ ಆಟ ಇತ್ತು. ಮೊದಲ ಪ್ರಸಂಗ ಮುಗಿದು ಎರಡನೆಯದಕ್ಕೆ ಹತ್ತು ನಿಮಿಷ ಬಿಡುವು. ಜನ ಎದ್ದು ಹೋಗದಿರಲಿ ಅಂತ ಮೈಕ್ ಸೆಟ್ಟಿನವರು ಒಂದು ಸಿನಿಮಾ ಹಾಡು ಹಾಕಿದರು, ನನ್ನ ಕ್ಯಾಮೆರಾಕ್ಕೆ ಆಡಿಯೊ ಲೈನು ಅವರ ಮಿಕ್ಸರ್‌ನಿಂದಲೇ ಬರುತ್ತಿತ್ತು, ನಾನು ಚಾ ಕುಡಿಯೋಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಪರದೆಯ ಮೇಲೆ ರಂಗಸ್ಥಳದ ಬದಲು ಒಂದು ಖಾಲಿ ಚಿತ್ರ ಬಂದು ಕೂತಿತ್ತು. ಸ್ವಲ್ಪ ಹೊತ್ತಿಗೆ ಲೈವ್ ನಿಂತೇ ಹೋಯಿತು. ಮುಂಬೈಯಲ್ಲಿ, ದುಬೈಯಲ್ಲಿ ನಿದ್ದೆಗೆಟ್ಟು ನೋಡುತ್ತಿದ್ದ ಊರಿನವರೆಲ್ಲ ಫೋನ್ ಮಾಡಿದರು. ಆಗ ಬೇರೆ ಕಾರ್ಡಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳುವ ಅಭ್ಯಾಸವೂ ನನಗಿರಲಿಲ್ಲ. ಎರಡನೇ ಪ್ರಸಂಗದಲ್ಲಿ ಒಬ್ಬ ಹಿರಿಯ ಕಲಾವಿದರ ವೇಷ ಇತ್ತು. ಅದು ಇವತ್ತಿಗೂ ಎಲ್ಲೂ ಇಲ್ಲ.

ಆದ್ದರಿಂದ ಲೈವ್ ಮಾಡುವವರಿಗೆ ನನ್ನ ಮೊದಲ ಮಾತು: ಆಟ ಶುರುವಾಗುವ ಮುಂಚೆ ಮೈಕ್ ಸೆಟ್ಟಿನವರ ಹತ್ತಿರ ಹೋಗಿ, ಬಿಡುವಿನಲ್ಲಿ ಹಾಡು ಹಾಕೋದಾದರೆ ನನಗೊಂದು ಕೈ ಸನ್ನೆ ಮಾಡಿ ಅಂತ ಹೇಳಿ. ಆ ಹತ್ತು ನಿಮಿಷ ಲೈನ್ ಮ್ಯೂಟ್ ಮಾಡಿ, ಒಂದು ಚಿತ್ರ ಹಾಕಿಡಿ.

ಒಂದು ಹಾಡು ಅಂದರೆ ಒಂದೇ ಅಲ್ಲ

ಇದೊಂದು ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು. ಒಂದು ದಾಸರ ಪದ ತೆಗೆದುಕೊಳ್ಳಿ. ಪುರಂದರದಾಸರು ತೀರಿಕೊಂಡು 450 ವರ್ಷ ದಾಟಿತು, ಸಾಹಿತ್ಯ ಯಾರದ್ದೂ ಅಲ್ಲ, ಎಲ್ಲರದ್ದೂ. ಆದರೆ ಆ ಪದಕ್ಕೆ ಯಾರೋ ಒಬ್ಬರು ಹೊಸದಾಗಿ ರಾಗ ಕೂಡಿಸಿದ್ದಾರೆ ಅನ್ನಿ, ಆ ರಾಗಸಂಯೋಜನೆ ಅವರದ್ದು. ಅದನ್ನು ಒಂದು ಕಂಪನಿ ದುಡ್ಡು ಹಾಕಿ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದೆ, ಆ ಧ್ವನಿಮುದ್ರಣ ಕಂಪನಿಯದ್ದು. ಹಾಡಿದ ಗಾಯಕಿಗೆ, ತಬಲಾ ನುಡಿಸಿದವರಿಗೆ ಕಲಾವಿದರ ಹಕ್ಕು ಅಂತ ಬೇರೆಯೇ ಇದೆ. ಹೀಗೆ ನಾಲ್ಕು ಪದರ. "ದಾಸರ ಪದ ಅಲ್ವಾ, ಯಾರು ಕೇಳ್ತಾರೆ" ಅಂದರೆ ನಾಲ್ಕರಲ್ಲಿ ಒಂದು ಪದರಕ್ಕೆ ಮಾತ್ರ ಉತ್ತರ ಕೊಟ್ಟ ಹಾಗೆ. ಅದೇ ಪದವನ್ನು ನಿಮ್ಮೂರಿನ ಅಕ್ಕನೋ ಅತ್ತೆಯೋ ಅವರಿಗೆ ಬರುವ ಹಳೇ ಧಾಟಿಯಲ್ಲಿ ಹಾಡಿ, ನೀವೇ ರೆಕಾರ್ಡ್ ಮಾಡಿಕೊಂಡು, ಹಾಕಬಹುದು ಅಂತ ಅವರ ಒಪ್ಪಿಗೆ ತಗೊಂಡರೆ ಯಾರ ಹಂಗೂ ಇಲ್ಲ.

ಹಾಗಾಗಿ "ಈ ಹಾಡು ಹಾಕಬಹುದಾ" ಅಂತ ಕೇಳಬೇಡಿ. ಸಾಹಿತ್ಯ ಯಾರದು, ರಾಗ ಯಾರದು, ರೆಕಾರ್ಡಿಂಗ್ ಯಾರದು, ಹಾಡಿದವರು ಯಾರು ಅಂತ ಒಂದೊಂದಾಗಿ ಕೇಳಿಕೊಳ್ಳಿ.

ಎಷ್ಟು ವರ್ಷ ಅನ್ನೋ ಪ್ರಶ್ನೆಗೆ ನಮ್ಮ ಕಾರವಾರದಲ್ಲೇ ಒಂದು ನೆನಪಿನ ಗುರುತಿದೆ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು, ಅವರ ಹೆಸರೇ ಈಗ ಕಡಲತೀರಕ್ಕಿದೆ. ಟಾಗೋರರು ತೀರಿಕೊಂಡದ್ದು 1941ರಲ್ಲಿ. ಆಗಿನ ಕಾಯ್ದೆಯಲ್ಲಿ ಲೇಖಕ ತೀರಿದ ಮೇಲೆ 50 ವರ್ಷ ಹಕ್ಕು, ಅಂದರೆ 1991ರ ಕೊನೆಗೆ ಮುಗಿಯಬೇಕಿತ್ತು. ಅವರ ಕೃತಿಗಳ ಹಕ್ಕು ಕೈತಪ್ಪುತ್ತದೆ ಅಂತ ಒತ್ತಾಯ ಬಂದು, ಕೇಂದ್ರ ಸರ್ಕಾರ ಎಲ್ಲರಿಗೂ ಸೇರಿಸಿ ಆ 50ನ್ನು 60 ಮಾಡಿತು. ಬೀಚಿನ ಬೋರ್ಡು ನೋಡಿದಾಗೆಲ್ಲ ನನಗೆ ಈ 60 ನೆನಪಾಗುತ್ತದೆ.

ಲೆಕ್ಕ ಹೀಗೆ. ಸಾಹಿತ್ಯ ಮತ್ತು ರಾಗಸಂಯೋಜನೆಗೆ, ಬರೆದವರು ಅಥವಾ ಸಂಯೋಜಿಸಿದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. ರೆಕಾರ್ಡಿಂಗಿಗೆ, ಅದು ಹೊರಬಂದ ಮುಂದಿನ ಜನವರಿಯಿಂದ 60 ವರ್ಷ. ಕಲಾವಿದರ ಹಕ್ಕಿಗೆ 50 ವರ್ಷ. ನಿಮ್ಮ ಅಟ್ಟದ ಮೇಲೆ 1988ರ ಯಕ್ಷಗಾನ ಕ್ಯಾಸೆಟ್ ಇದ್ದರೆ ಅದರ ರೆಕಾರ್ಡಿಂಗ್ ಹಕ್ಕು 2048ರ ಕೊನೆಯವರೆಗೆ ಇರುತ್ತದೆ, ಕ್ಯಾಸೆಟ್ ಕಂಪನಿ ಬಾಗಿಲು ಹಾಕಿದ್ದರೂ ಸರಿ, ಹಕ್ಕು ಇನ್ನೊಬ್ಬರ ಕೈಗೆ ಹೋಗಿರುತ್ತದೆ ಅಷ್ಟೆ. 1964ರಲ್ಲಿ ಬಂದ ರೆಕಾರ್ಡ್ ಆದರೆ 2025ರ ಜನವರಿ 1ಕ್ಕೆ ರೆಕಾರ್ಡಿಂಗ್ ಬಿಡುಗಡೆಯಾಯಿತು. ಇಲ್ಲೇ ಜನ ಎಡವುವುದು. ರೆಕಾರ್ಡಿಂಗ್ ಬಿಡುಗಡೆಯಾದರೂ ಆ ಹಾಡು ಬರೆದವರು 1990ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯ 2050ರ ಕೊನೆಯವರೆಗೂ ಹಕ್ಕಿನಲ್ಲೇ ಇದೆ.

ಆಟ, ತಾಳಮದ್ದಳೆ ಮತ್ತು ಚೌಕಿಯಲ್ಲಿ ಬರೆಸಿಕೊಳ್ಳುವ ಕಾಗದ

ಯಕ್ಷಗಾನಕ್ಕೆಲ್ಲ ಎಂಥ ಕಾಪಿರೈಟು, ಅದು ನಮ್ಮದೇ ಕಲೆ ಅಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಕಲೆ ನಮ್ಮೆಲ್ಲರದ್ದು ಹೌದು. ಹಳೇ ಪ್ರಸಂಗ, ಸಾಂಪ್ರದಾಯಿಕ ಮಟ್ಟು, ತಾಳ, ಚಂಡೆಯ ಪೆಟ್ಟು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಈಗ ಆಡುವ ಹೊಸ ಪ್ರಸಂಗಗಳನ್ನು ಬರೆದವರು ನಮ್ಮ ನಡುವೆಯೇ ಇದ್ದಾರೆ, ಅವುಗಳ ಪದ್ಯ ಅವರದ್ದು. ಇದು ಬರೀ ಪುಸ್ತಕದ ಮಾತಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದ ರೂಪಿಸಿದ ಹೊಸ ನೃತ್ಯ ಪ್ರಕಾರ ಯಕ್ಷರಂಗದ ಹಕ್ಕು ಯಾರದು ಅನ್ನುವ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕಾರಂತರು ತೀರಿಕೊಂಡದ್ದು 1997ರಲ್ಲಿ, ತೀರ್ಪು ಬಂದದ್ದು 2009ರ ಜನವರಿಯಲ್ಲಿ. ಅವರ ಉಯಿಲಿನಿಂದ ಬಂದ ಹಕ್ಕನ್ನು ಕೋರ್ಟು ಎತ್ತಿಹಿಡಿಯಿತು, ಜೊತೆಗೆ ಕಾಯ್ದೆಯ 52ನೇ ಕಲಮಿನಲ್ಲಿರುವ ವಿನಾಯಿತಿಗಳು ಎದುರು ಪಕ್ಷಕ್ಕೂ ಸಿಗುತ್ತವೆ ಅಂತ ಹೇಳಿತು.

ಆ ವಿನಾಯಿತಿಯಲ್ಲಿ ನಮ್ಮ ಊರುಗಳಿಗೆ ಬೇಕಾದ ಒಂದು ಸಾಲಿದೆ. ಹವ್ಯಾಸಿ ತಂಡದವರು ಟಿಕೆಟ್ ಇಲ್ಲದೆ ಜನರೆದುರು ಆಡಿದರೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಕ್ಕೆ ಆಡಿದರೆ, ಆ ಪ್ರದರ್ಶನ ಉಲ್ಲಂಘನೆ ಆಗುವುದಿಲ್ಲ. ಆದರೆ ಎದುರು ಕೂತ ಜನಕ್ಕೆ ಆಡುವುದು ಬೇರೆ, ಅದನ್ನೇ ರೆಕಾರ್ಡ್ ಮಾಡಿ ಜಾಹೀರಾತು ಬರುವ ಚಾನೆಲ್‌ಗೆ ಏರಿಸುವುದು ಬೇರೆ. ಏರಿಸುವವರು ಕೇಳಿಯೇ ಏರಿಸಬೇಕು.

ಹೇಗೆ ಕೇಳುವುದು? ನಾನು ಆಟಕ್ಕೆ ಒಂದು ಗಂಟೆ ಮೊದಲೇ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗುತ್ತೇನೆ. ಮುಖಕ್ಕೆ ಬಣ್ಣ ಹಚ್ಚಿಕೊಂಡು ಕೂತವರ ಹತ್ತಿರ ಸಹಿ ಕೇಳಬಾರದು, ಅದು ಸರಿಯಲ್ಲ. ಮೇಳದ ಯಜಮಾನರು, ಪದ್ಯ ಹಾಡುವ ಭಾಗವತರು, ಪ್ರಸಂಗ ಹೊಸದಾದರೆ ಪ್ರಸಂಗಕರ್ತರು, ಇವರಿಗೆ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಕಾಗದ ಕಳಿಸಿರುತ್ತೇನೆ. ಉಳಿದ ಕಲಾವಿದರ ಪರವಾಗಿ ಯಜಮಾನರು ಒಪ್ಪುವುದಾದರೆ ಅದನ್ನೂ ಅದರಲ್ಲೇ ಬರೆಸಿಕೊಳ್ಳುತ್ತೇನೆ. ಕಾಗದ ಇಷ್ಟೇ:

"ದಿನಾಂಕ ಇಂಥದ್ದು, ಸ್ಥಳ ಇಂಥದ್ದು, ಈ ಪ್ರಸಂಗದ ಪ್ರದರ್ಶನವನ್ನು ನೇರಪ್ರಸಾರ ಮಾಡಲು, ರೆಕಾರ್ಡ್ ಮಾಡಲು ಮತ್ತು ಈ ಹೆಸರಿನ ಯೂಟ್ಯೂಬ್, ಫೇಸ್‌ಬುಕ್ ಪುಟಗಳಲ್ಲಿ ಇಡಲು ಒಪ್ಪಿಗೆ ಇದೆ. ಅವಧಿ ಹತ್ತು ವರ್ಷ. ವ್ಯಾಪ್ತಿ ಇಡೀ ಜಗತ್ತು. ಜಾಹೀರಾತಿನಿಂದ ಬಂದ ಹಣದಲ್ಲಿ ಮೇಳಕ್ಕೆ ಇಷ್ಟು ಪಾಲು. ಬೇರೆಯವರಿಗೆ ಮಾರುವ ಹಕ್ಕು ಇಲ್ಲ. ಹಿಮ್ಮೇಳ ಮುಮ್ಮೇಳದ ಎಲ್ಲರ ಹೆಸರನ್ನು ವಿಡಿಯೊ ಕೆಳಗೆ ಬರೆಯತಕ್ಕದ್ದು."

ಅವಧಿ, ವ್ಯಾಪ್ತಿ ಈ ಎರಡು ಪದ ಯಾಕೆ ಅಂತ ಹೇಳುತ್ತೇನೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಅಂತ ಓದುತ್ತದೆ. ಎಲ್ಲಿ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಓದುತ್ತದೆ. ದುಬೈಯವರು ನೋಡುವ ಲೈವ್‌ಗೆ ಭಾರತದ ಒಪ್ಪಿಗೆ ಸಾಲುತ್ತದಾ? ಸಾಲುವುದಿಲ್ಲ. ಮತ್ತೆ, ಹಕ್ಕು ಬರೆಸಿಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದೇ ಇದ್ದರೆ, ಬೇರೆ ಮಾತು ಬರೆಯದ ಹೊರತು, ಅದು ಬಿದ್ದು ಹೋಗುತ್ತದೆ. ಬಾಯಿಮಾತಿನ ಒಪ್ಪಿಗೆ ಸ್ನೇಹಕ್ಕೆ ಸರಿ, ಕಾಯ್ದೆ ಕೇಳುವುದು ಬರಹವನ್ನು.

ಒಂದು ಸಲ ಒಬ್ಬ ಹಿರಿಯ ಭಾಗವತರು ಈ ಕಾಗದವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಗ ಅದರಲ್ಲಿ ಹೆಸರಿನ ಸಾಲು ಇರಲಿಲ್ಲ. "ಮದ್ದಳೆಯವನ ಹೆಸರೆಲ್ಲಿ ಬರ್ತದೆ ತಮ್ಮ?" ಅಂತ ಕೇಳಿದರು. ನಾನು ಸುಮ್ಮನಾದೆ. ಅವರೇ ಪೆನ್ನು ತಗೊಂಡು ಆ ಕೊನೆಯ ಸಾಲು ಬರೆದರು, ಆಮೇಲೆ ಸಹಿ ಹಾಕಿದರು. ಅವತ್ತಿನಿಂದ ಅದು ನನ್ನ ಕಾಗದದಲ್ಲಿ ಅಚ್ಚಾಗಿಯೇ ಇದೆ. ಕಲಾವಿದರ ಹೆಸರು ಹೇಳಬೇಕು ಅನ್ನುವುದು ಕಾಯ್ದೆಯಲ್ಲೂ ಇದೆ ಅಂತ ನನಗೆ ಗೊತ್ತಾದದ್ದು ಆಮೇಲೆ.

ಇದೇ ಮಾತು ಜನಪದಕ್ಕೂ. ಅಂಕೋಲೆ ಕಡೆ ಹಾಲಕ್ಕಿ ಸಮುದಾಯದ ಅಜ್ಜಿಯಂದಿರ ಹಾಡು ಮೊಬೈಲಿನಲ್ಲಿ ಹಿಡಿದು, ಕೆಳಗೆ ಬೀಟ್ ಸೇರಿಸಿ ರೀಲ್ಸ್ ಮಾಡುವವರು ಜಾಸ್ತಿಯಾಗಿದ್ದಾರೆ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಊರಿಗೆ ಊರೇ ಹೆಮ್ಮೆ ಪಟ್ಟಿತ್ತು. ಹಾಡು ಸಮುದಾಯದ್ದು, ಬರೆದವರ ಹೆಸರಿಲ್ಲ, ನಿಜ. ಹಾಡಿದ ಆ ಅಜ್ಜಿಯ ಹಕ್ಕು ಮಾತ್ರ ಅಜ್ಜಿಯದ್ದೇ. ಕೇಳಿ, ಅರ್ಥವಾಗುವ ಹಾಗೆ ಹೇಳಿ, ದುಡ್ಡು ಬಂದರೆ ಕೊಡಿ. ಸಹಿ ಬಾರದಿದ್ದರೆ ಒಪ್ಪಿಗೆಯ ಮಾತನ್ನೇ ವಿಡಿಯೊದಲ್ಲಿ ಹಿಡಿದಿಟ್ಟುಕೊಳ್ಳಿ, ಮನೆಯವರ ಹತ್ತಿರ ಬರೆಸಿಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಿ.

ಮದುವೆ

ಮಂಟಪದಲ್ಲಿ ಹಾಡು ಹಾಕಿದ್ದಕ್ಕೆ ಯಾರಾದರೂ ಬಂದು ಲೈಸೆನ್ಸ್ ದುಡ್ಡು ಕೇಳಿದರೆ ಹೆದರಬೇಡಿ. ಧಾರ್ಮಿಕ ವಿಧಿಯಲ್ಲಿ ಹಾಡು ಹಾಕುವುದಕ್ಕೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ, ಮದುವೆ ದಿಬ್ಬಣ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮವೂ ಅದರಲ್ಲಿ ಸೇರುತ್ತದೆ ಅಂತ ಬಿಡಿಸಿ ಬರೆದಿದ್ದಾರೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನೇ ನೆನಪಿಸಿ ಪ್ರಕಟಣೆ ಹೊರಡಿಸಿತ್ತು.

ಆದರೆ ವಿಡಿಯೊಗ್ರಾಫರ್‌ಗಳೇ, ಇದು ನಮಗಲ್ಲ. ಮಂಟಪದಲ್ಲಿ ಹಾಡು ಕೇಳಿಸುವುದಕ್ಕೆ ವಿನಾಯಿತಿ, ಎಡಿಟಿಂಗ್ ಟೇಬಲ್ಲಿನಲ್ಲಿ ಅದೇ ಸಿನಿಮಾ ಹಾಡನ್ನು ಹೈಲೈಟ್ಸ್‌ಗೆ ಅಂಟಿಸಿ ನಮ್ಮ ಸ್ಟುಡಿಯೊ ಪೇಜಿನಲ್ಲಿ ಹಾಕುವುದಕ್ಕೆ ಅಲ್ಲ. ಇನ್‌ಸ್ಟಾಗ್ರಾಮ್ ತನ್ನ ಲೈಬ್ರರಿಯಲ್ಲಿ ಕೊಡುವ ಸಿನಿಮಾ ಹಾಡುಗಳು ಸ್ವಂತ ಖಾತೆಯವರು ಖುಷಿಗೆ ಬಳಸಲಿ ಅಂತ ಇರುವುದು. ವ್ಯಾಪಾರದ ಖಾತೆ ಅಂತ ಮಾಡಿಕೊಂಡ ಕೂಡಲೇ ಆ ಹಾಡುಗಳಲ್ಲಿ ಎಷ್ಟೋ ಕಾಣದೇ ಹೋಗುವುದು ಅದಕ್ಕೇ. ನಾನು ಮದುವೆ ವಿಡಿಯೊಗೆ ಮಾಡುವುದು ಇಷ್ಟು: ಮನೆಯವರಿಗೆ ಕೊಡುವ ಪೂರ್ತಿ ವಿಡಿಯೊದಲ್ಲಿ ಅಲ್ಲಿ ನಿಜವಾಗಿ ಕೇಳಿಸಿದ್ದನ್ನೇ ಇಡುತ್ತೇನೆ, ಮಂತ್ರ, ಪಂಚವಾದ್ಯ, ಹೆಂಗಸರು ಹೇಳುವ ಹಾಡು. ಪೇಜಿಗೆ ಹಾಕುವ ತುಣುಕಿಗೆ ಮಾತ್ರ ಲೈಸೆನ್ಸ್ ಇರುವ ಸಂಗೀತ. ಹೆಂಗಸರು ಹೇಳುವ ಆ ಹಾಡಿನ ಮುಂದೆ ಯಾವ ಸಿನಿಮಾ ಹಾಡೂ ನಿಲ್ಲುವುದಿಲ್ಲ, ಒಂದು ಮೈಕು ಅವರ ಹತ್ತಿರ ಇಟ್ಟು ನೋಡಿ.

ಜಾತ್ರೆಯ ಗದ್ದಲ ಬೇರೆ ಥರದ ತಲೆನೋವು. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ತಿರುಗುವ ತೊಟ್ಟಿಲಿನ ಹತ್ತಿರ ನಿಂತರೆ ಮೂರು ಕಡೆಯಿಂದ ಮೂರು ಹಾಡು. ಹೋಳಿ ಹೊತ್ತಿಗೆ ಕುಣಿಯುವ ಬೇಡರ ವೇಷದ ರಾತ್ರಿ ತಮಟೆ ಪೆಟ್ಟಿಗೆ ಯಾರ ಹಕ್ಕೂ ಇಲ್ಲ, ಹಿಂದೆ ಡಿಜೆ ಬಂದರೆ ಮುಗಿಯಿತು. ಕ್ಯಾಮೆರಾದ ಮೇಲಿನ ಮೈಕನ್ನೇ ನಂಬಬೇಡಿ. ತಮಟೆಯವರ ಹತ್ತಿರ ಸಣ್ಣ ರೆಕಾರ್ಡರ್ ಹಿಡಿದು ಬೇರೆಯಾಗಿ ಧ್ವನಿ ತೆಗೆದುಕೊಳ್ಳಿ, ಎಡಿಟ್ ಮಾಡುವಾಗ ಅದನ್ನೇ ಮೇಲೆ ತನ್ನಿ.

ರೇಡಿಯೊ ಮತ್ತು ನೆಟ್

ಸಮುದಾಯ ರೇಡಿಯೊ ಮಾಡಬೇಕು ಅಂತಿರುವ ಕಾಲೇಜು, ಸಂಘದವರಿಗೆ ಒಂದು ಮಾತು. 2012ರ ತಿದ್ದುಪಡಿಯಲ್ಲಿ ಬಂದ 31ಡಿ ಕಲಮಿನ ಪ್ರಕಾರ ಪ್ರಸಾರ ಸಂಸ್ಥೆ ಆಗಲೇ ಪ್ರಕಟವಾದ ಹಾಡನ್ನು ಮಾಲೀಕರು ಒಪ್ಪಲಿ ಬಿಡಲಿ ಹಾಕಬಹುದು, ಆದರೆ ಕನಿಷ್ಠ ಐದು ದಿನ ಮೊದಲು ಅವರಿಗೆ ನೋಟಿಸು ಕೊಡಬೇಕು, ನಿಗದಿಯಾದ ದರದಲ್ಲಿ ರಾಯಲ್ಟಿ ಕಟ್ಟಬೇಕು, ಹಾಕಿದ್ದಕ್ಕೆಲ್ಲ ದಾಖಲೆ ಇಡಬೇಕು. ಬರೆದವರ, ಹಾಡಿದವರ ಹೆಸರು ಹೇಳಬೇಕು. ಆಕಾಶವಾಣಿಯಲ್ಲಿ ಹಾಡಿನ ಜೊತೆ ಸಾಹಿತ್ಯ ಇವರದು, ಹಾಡಿದವರು ಇವರು ಅಂತ ಹೇಳುತ್ತಿದ್ದರಲ್ಲ, ಅದು ಎಷ್ಟು ಚಂದದ ಮರ್ಯಾದೆ. ಈ ಅನುಕೂಲ ರೇಡಿಯೊ, ಟಿವಿಗೆ ಮಾತ್ರ. ಆ್ಯಪ್‌ನಲ್ಲಿ, ನೆಟ್‌ನಲ್ಲಿ ಹಾಡು ಕೊಡುವುದಕ್ಕೆ ಇದು ಅನ್ವಯಿಸುವುದಿಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ಅಲ್ಲಿನ ವಿಭಾಗೀಯ ಪೀಠ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ರೇಡಿಯೊವನ್ನೇ ಯೂಟ್ಯೂಬ್‌ನಲ್ಲೂ ಬಿಡುತ್ತೇವೆ ಅನ್ನುವವರು ಬೇರೆ ಲೈಸೆನ್ಸ್ ತಗೊಳ್ಳಬೇಕು.

ಯಾರ ಹತ್ತಿರ? ಸಾಹಿತ್ಯ ಮತ್ತು ಸಂಗೀತದ ಪದರಕ್ಕೆ, ಬರೆದವರ ರಾಗ ಹಾಕಿದವರ ಪರವಾಗಿ ಲೈಸೆನ್ಸ್ ಕೊಡುವ ಸಂಘ, 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ, ರೆಕಾರ್ಡಿಂಗ್ ಪದರಕ್ಕೆ ಕಂಪನಿಗಳ ಪರವಾಗಿ ಲೈಸೆನ್ಸ್ ಕೊಡುವ ಪಿಪಿಎಲ್‌ನಂಥವು ಇವೆ, ಅಥವಾ ನೇರವಾಗಿ ಕಂಪನಿ. ಒಬ್ಬರಿಗೆ ಕಟ್ಟಿದರೆ ಇನ್ನೊಂದು ಪದರ ಬಾಕಿ ಉಳಿಯುತ್ತದೆ, ಮರೆಯಬೇಡಿ. ವಿಡಿಯೊದೊಳಗೆ ಹಾಡು ಸೇರಿಸುವುದಾದರೆ ಹಕ್ಕಿನ ಮಾಲೀಕರನ್ನೇ ನೇರ ಕೇಳುವುದು ಒಳ್ಳೆಯದು. ಹಾಡು ಬರೆಯುವ, ರಾಗ ಹಾಕುವ ಗೆಳೆಯರು ಐಪಿಆರ್‌ಎಸ್ ಸದಸ್ಯರಾಗಿ. ಸಿನಿಮಾಕ್ಕೋ ಆಲ್ಬಮ್ಮಿಗೋ ಬರೆದ ನಿಮ್ಮ ರಾಯಲ್ಟಿ ಪಾಲನ್ನು ಯಾರೂ ಬರೆಸಿಕೊಂಡು ಕಿತ್ತುಕೊಳ್ಳುವ ಹಾಗಿಲ್ಲ ಅಂತ ಆ 2012ರ ತಿದ್ದುಪಡಿಯಲ್ಲೇ ಇದೆ.

ದುಡ್ಡಿಲ್ಲದವರಿಗೆ ಯೂಟ್ಯೂಬ್‌ನದ್ದೇ ಆಡಿಯೊ ಲೈಬ್ರರಿ ಇದೆ. ಮಾಲೀಕರೇ ಷರತ್ತು ಹಾಕಿ ಬಳಸಲು ಬಿಟ್ಟ ಕ್ರಿಯೇಟಿವ್ ಕಾಮನ್ಸ್ ಸಂಗೀತವೂ ಇದೆ, ಅದರಲ್ಲಿ ಎನ್‌ಸಿ ಅಂತ ಇದ್ದರೆ ವ್ಯಾಪಾರಕ್ಕೆ ಬೇಡ, ಎನ್‌ಡಿ ಅಂತ ಇದ್ದರೆ ವಿಡಿಯೊಗೆ ಸೇರಿಸಲೇಬೇಡಿ. ನನ್ನ ಕೇಳಿದರೆ ನಿಮ್ಮೂರಿನ ಮದ್ದಳೆಯವರನ್ನು, ಕೊಳಲಿನವರನ್ನು ಅರ್ಧ ದಿನ ಕೂರಿಸಿ, ಸಂಭಾವನೆ ಕೊಟ್ಟು, ಮೂವತ್ತು ಸಣ್ಣ ತುಣುಕು ರೆಕಾರ್ಡ್ ಮಾಡಿಟ್ಟುಕೊಳ್ಳಿ. ವರ್ಷಗಟ್ಟಲೆ ಬರುತ್ತದೆ.

ಕ್ಲೇಮ್ ಬಂದಾಗ

ಮೊದಲು ಕ್ಲೇಮೋ ಸ್ಟ್ರೈಕೋ ನೋಡಿ. ಕ್ಲೇಮ್ ಅಂದರೆ ಹೆಚ್ಚಾಗಿ ಯಂತ್ರ ಹಾಡನ್ನು ಗುರುತು ಹಿಡಿದದ್ದು. ವಿಡಿಯೊ ಬಹುತೇಕ ಉಳಿಯುತ್ತದೆ, ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತದೆ. ಸ್ಟ್ರೈಕ್ ಅಂದರೆ ಮಾಲೀಕರು ಕಾನೂನು ಪ್ರಕಾರ ತೆಗೆಸಿದ್ದು, 90 ದಿನದೊಳಗೆ ಮೂರು ಆದರೆ ಚಾನೆಲ್ಲೇ ಹೋಗಬಹುದು. ತಪ್ಪು ನಿಮ್ಮದಾಗಿದ್ದರೆ ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ಭಾಗ ಕತ್ತರಿಸುವ, ಹಾಡಿಗೆ ಮಾತ್ರ ಮ್ಯೂಟ್ ಹಾಕುವ ದಾರಿಯಿದೆ, ಅದನ್ನು ಮಾಡಿ ಸುಮ್ಮನಿರಿ.

ನಿಮ್ಮ ಸ್ವಂತ ರೆಕಾರ್ಡಿಂಗಿಗೇ ಕ್ಲೇಮ್ ಬಂದಿದ್ದರೆ ಬಿಡಬೇಡಿ. ಹಳೇ ಪ್ರಸಂಗದ ಪದ್ಯಕ್ಕೆ, ದೇವರ ಸ್ತೋತ್ರಕ್ಕೆ ಇದು ಆಗಾಗ ಬರುತ್ತದೆ, ಅದೇ ಪದ್ಯ ಯಾರೋ ಆಲ್ಬಮ್ ಮಾಡಿರುತ್ತಾರೆ. ಆಕ್ಷೇಪ ಸಲ್ಲಿಸುವಾಗ ಗೋಳು ಬರೆಯಬೇಡಿ, ಪದರ ಪದರವಾಗಿ ಬರೆಯಿರಿ: ಸಾಹಿತ್ಯ ಇಷ್ಟು ಹಳೆಯದು, ಮಟ್ಟು ಸಾಂಪ್ರದಾಯಿಕ, ಹಾಡಿದವರು ಇವರು, ರೆಕಾರ್ಡ್ ಮಾಡಿದ್ದು ನಾವು, ಈ ತಾರೀಕು, ಈ ಊರು, ಕಲಾವಿದರ ಒಪ್ಪಿಗೆ ಪತ್ರ ಇದೆ. ಎದುರಿನವರಿಗೆ ಉತ್ತರಿಸಲು 30 ದಿನ ಸಮಯ. ಉತ್ತರಿಸದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಸುಳ್ಳು ಆಕ್ಷೇಪ ಮಾತ್ರ ಹಾಕಬೇಡಿ, ಅದು ಸ್ಟ್ರೈಕ್‌ಗೆ ತಿರುಗಬಹುದು.

ಇದಕ್ಕೆಲ್ಲ ಮೂಲ ರೆಕಾರ್ಡಿಂಗ್ ಕೈಯಲ್ಲಿರಬೇಕು. ಈಗ ನಾನು ಪ್ರತಿ ಆಟವನ್ನೂ ಲೈವ್ ಜೊತೆಗೆ ಬೇರೆ ಕಾರ್ಡಿಗೆ ತೆಗೆಯುತ್ತೇನೆ, ಮನೆಗೆ ಬಂದ ಕೂಡಲೇ ಹಾರ್ಡ್ ಡಿಸ್ಕಿಗೆ ಹಾಕಿ, ಒಪ್ಪಿಗೆ ಕಾಗದದ ಫೋಟೋವನ್ನೂ ಅದೇ ಫೋಲ್ಡರಿನಲ್ಲಿ ಇಡುತ್ತೇನೆ. ಫೋಲ್ಡರಿಗೆ ತಾರೀಕು, ಊರು, ಪ್ರಸಂಗ, ಭಾಗವತರ ಹೆಸರು, ಮದ್ದಳೆಯವರ ಹೆಸರು.